ಅನ್ನ ಬಿಟ್ಟರೂ ತೂಕ ಇಳಿಯುತ್ತಿಲ್ಲ, ಎಷ್ಟು ದಿನ ಕಾಯಬೇಕು?

ಪ್ರಶ್ನೆ: ಅನ್ನ, ಮುದ್ದೆ, ಸಕ್ಕರೆ ಬಿಟ್ಟು ಎರಡು ತಿಂಗಳಾಯಿತು. ಮೊದಲ ಎರಡು ವಾರಗಳಲ್ಲೇ ಮೂರೂವರೆ ಕೆ.ಜಿ. ಇಳಿದಿತ್ತು. ಈಗ ಹದಿನೆಂಟು ದಿನಗಳಿಂದ ತೂಕ 74.6 ಕೆ.ಜಿ.ಯ ಆಸುಪಾಸಿನಲ್ಲೇ ನಿಂತಿದೆ. ಈ ಪಥ್ಯದಿಂದ ಇನ್ನು ಪ್ರಯೋಜನವಿಲ್ಲವೇ?

ಉತ್ತರ: ಹದಿನೆಂಟು ದಿನಗಳ ತೂಕವನ್ನು ನೋಡಿ ಹಾಗೆ ತೀರ್ಮಾನಿಸಬೇಡಿ. ನಿಮ್ಮ ನಿರಾಸೆಗೆ ಅರ್ಧ ಕಾರಣ ಆ ಮೊದಲ ಎರಡು ವಾರಗಳೇ. ನಾವು ತಿಂದ ಪಿಷ್ಟದ ಒಂದಂಶ ಗ್ಲೈಕೋಜನ್ ಆಗಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಂಗ್ರಹವಾಗಿರುತ್ತದೆ. ಈ ಸಂಗ್ರಹ ಹೆಚ್ಚೆಂದರೆ ಅರ್ಧ ಕೆ.ಜಿ.ಯಷ್ಟಿದ್ದರೂ, ಅದರ ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಿಷ್ಟ ಕಡಿಮೆಯಾದಾಗ ಆ ಸಂಗ್ರಹ ಕರಗುತ್ತದೆ, ಇನ್ಸುಲಿನ್ ತಗ್ಗುವುದರಿಂದ ಮೂತ್ರಪಿಂಡಗಳು ಉಪ್ಪನ್ನೂ ಅದರ ಜೊತೆಗೆ ನೀರನ್ನೂ ಹೆಚ್ಚಾಗಿ ಹೊರಹಾಕುತ್ತವೆ. ಹಾಗಾಗಿ ಆ ಮೂರೂವರೆ ಕೆ.ಜಿ.ಯಲ್ಲಿ ಬಹುಪಾಲು ನೀರೇ ಇದ್ದಿರಬೇಕು. ಅದೇ ವೇಗವನ್ನು ಮುಂದಿನ ವಾರಗಳಿಂದಲೂ ನಿರೀಕ್ಷಿಸುವುದು ನ್ಯಾಯವಲ್ಲ.

ಕೊಬ್ಬು ಕರಗುವ ಲೆಕ್ಕ ಬೇರೆ. ಮೈಯಲ್ಲಿನ ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆಯಾಗಬೇಕು. ದಿನಕ್ಕೆ 450 ಕ್ಯಾಲೊರಿಯಷ್ಟು ಕಡಿಮೆ ತಿಂದವರಲ್ಲಿ ಕರಗುವುದು ಸುಮಾರು 60 ಗ್ರಾಂ, ಅಂದರೆ ಒಂದು ಮೊಟ್ಟೆಯ ತೂಕ. ಆದರೆ ಮೈಯಲ್ಲಿನ ನೀರು, ಹೊಟ್ಟೆಯಲ್ಲಿರುವ ಆಹಾರ, ಮಲಬದ್ಧತೆ ಇವೆಲ್ಲ ಸೇರಿ ತೂಕವನ್ನು ದಿನದಿಂದ ದಿನಕ್ಕೆ ಒಂದು ಕೆ.ಜಿ.ಗೂ ಹೆಚ್ಚು ಏರಿಳಿಸಬಲ್ಲವು. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ತಿಂದಿದ್ದರೆ, ಹೊಸದಾಗಿ ವ್ಯಾಯಾಮ ಆರಂಭಿಸಿ ಮೈಕೈ ನೋಯುತ್ತಿದ್ದರೆ, ಸ್ತ್ರೀಯರಿಗಾದರೆ ಮುಟ್ಟಿನ ದಿನ ಹತ್ತಿರವಾಗಿದ್ದರೆ ನೀರು ನಿಲ್ಲುತ್ತದೆ. ಇಷ್ಟು ಏರಿಳಿತದ ನಡುವೆ ಆ 60 ಗ್ರಾಂ ಕಾಣುವುದಾದರೂ ಹೇಗೆ? ಆದ್ದರಿಂದ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಗಿ ಬರೆದಿಡಿ. ಇಂದಿನದನ್ನು ನಿನ್ನೆಯದರೊಂದಿಗೆ ಹೋಲಿಸದೆ ಈ ವಾರದ ಸರಾಸರಿಯನ್ನು ನಾಲ್ಕು ವಾರಗಳ ಹಿಂದಿನ ಸರಾಸರಿಯೊಂದಿಗೆ ಹೋಲಿಸಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ತೆಗೆದುಕೊಳ್ಳಿ. ತೂಕ ನಿಂತಿರುವಾಗಲೂ ಟೇಪು ಇಳಿಕೆ ತೋರಿಸುವುದುಂಟು.

ನಾಲ್ಕು ವಾರಗಳಾದರೂ ಸರಾಸರಿಯೂ ಸುತ್ತಳತೆಯೂ ಕದಲದಿದ್ದರೆ ಅಡುಗೆಮನೆಯತ್ತ ನೋಡಬೇಕು. ಅನ್ನ ಬಿಟ್ಟವರ ಕೈ ತಾನಾಗಿ ಕಡಲೆಕಾಯಿ ಡಬ್ಬಿಗೆ ಹೋಗುತ್ತದೆ. ನಾನು ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ನನ್ನ ಒಂದು ಹಿಡಿಯನ್ನು ತೂಗಿದಾಗ 40 ಗ್ರಾಂ ಇತ್ತು. ಅದು ಸುಮಾರು 225 ಕ್ಯಾಲೊರಿ. ಸಂಜೆ ಟೀವಿಯ ಮುಂದೆ ಅಂಥ ಎರಡು ಹಿಡಿ ತಿಂದರೆ ದಿನದ ಕೊರತೆಯೆಲ್ಲ ತುಂಬಿಹೋಯಿತು. ಪಲ್ಯಕ್ಕೆ ಹಾಕುವ ಕಾಯಿತುರಿ, ಅಳತೆಯಿಲ್ಲದೆ ಬಡಿಸುವ ತುಪ್ಪ, ಪನೀರ್ ಇವೂ ಹಾಗೆಯೇ. ಹುರಿಗಡಲೆಯಲ್ಲಂತೂ ಪಿಷ್ಟವೇ ಹೆಚ್ಚು. ಜೊತೆಗೆ, ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಶಕ್ತಿ ಬೇಕಾಗುವುದಿಲ್ಲವಾದ್ದರಿಂದ ಎರಡು ತಿಂಗಳ ಹಿಂದೆ ಸಾಕಾಗಿದ್ದ ಮಿತಿ ಇಂದು ಸಾಲದೇ ಹೋಗಬಹುದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಷ್ಟ ಕಡಿಮೆ ಮಾಡಿದವರು 12 ತಿಂಗಳಲ್ಲಿ ಸರಾಸರಿ 6 ಕೆ.ಜಿ. ಇಳಿದಿದ್ದರು, ಅಂದರೆ ತಿಂಗಳಿಗೆ ಅರ್ಧ ಕೆ.ಜಿ. ಇದರೊಂದಿಗೆ ನಿಮ್ಮ ಎರಡು ತಿಂಗಳನ್ನು ಹೋಲಿಸಿ ನೋಡಿ.

ತೂಕ ನಿಂತಿತೆಂದು ಗಾಬರಿಯಾಗಿ ಉಪವಾಸಕ್ಕೆ ಇಳಿಯಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದಾಗ ಸಕ್ಕರೆಯೋ ಒತ್ತಡವೋ ಅಪಾಯದ ಮಟ್ಟಕ್ಕೆ ಕುಸಿಯಬಹುದಾದ್ದರಿಂದ, ಪಥ್ಯದಲ್ಲಿ ಯಾವ ಬದಲಾವಣೆ ಮಾಡುವ ಮೊದಲೂ ವೈದ್ಯರನ್ನು ಕಂಡು ಔಷಧದ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಸುಸ್ತು, ಚಳಿ ತಡೆಯಲಾಗದಿರುವುದು, ಕೂದಲು ಉದುರುವುದು ಇವೂ ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.