ರ ಗ ಸ ದ ಅ: ಘಟ್ಟದ ಶಾಲೆಗೆ ಪರದೆ ಬರುವ ಮೊದಲಿನ ಕಥೆ

ಈಚಿನ ವರ್ಷಗಳಲ್ಲಿ ಉತ್ತರ ಕನ್ನಡದ ಯಾವುದೇ ಸರಕಾರಿ ಶಾಲೆಯ ಪಾಲಕರ ಸಭೆಗೆ ಹೋದರೂ ಹೊಸ ಹೆಸರುಗಳ ಸಾಲೇ ಕಿವಿಗೆ ಬೀಳುತ್ತದೆ: ನಲಿ-ಕಲಿ, ಕಲಿಕಾ ಚೇತರಿಕೆ, ದೀಕ್ಷಾ ಆ್ಯಪ್, ಸ್ಮಾರ್ಟ್ ಕ್ಲಾಸ್, ಈಗ ಕೃತಕ ಬುದ್ಧಿಮತ್ತೆ. ಎಲ್ಲವೂ ಒಂದೇ ಯೋಜನೆಯ ಬೇರೆ ಬೇರೆ ಕೊಂಬೆಗಳೆಂದು ಪಾಲಕರು ತಿಳಿದಿದ್ದರೆ ಅದು ಅವರ ತಪ್ಪಲ್ಲ. ನಿಜದಲ್ಲಿ ಇಲ್ಲಿ ಎರಡು ಎಳೆಗಳಿವೆ. ಮಗುವಿನ ವೇಗಕ್ಕೆ ತಕ್ಕಂತೆ ಪಾಠ ನಡೆಯಬೇಕೆಂಬುದು ಒಂದು. ಯಂತ್ರದ ಮೂಲಕ ಪಾಠ ತಲುಪಿಸಬೇಕೆಂಬುದು ಇನ್ನೊಂದು. ಇವೆರಡೂ ಬೇರೆ ಬೇರೆ ದಾರಿಯಲ್ಲಿ ಬಂದು, ತೀರ ತಡವಾಗಿ ಒಂದೇ ಕೋಣೆಯಲ್ಲಿ ಭೇಟಿಯಾಗಿವೆ.

1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಜಿಲ್ಲೆಯಲ್ಲಿ ನೂರು ವರ್ಷಗಳ ಕಾಲ ಕನ್ನಡ ಶಾಲೆ ಎಂದರೆ ಪಾಟಿ, ಮಗ್ಗಿ ಮತ್ತು ಮಾಸ್ತರ ಬೆತ್ತ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ತಂದ ಕಾಲದಲ್ಲಿಯೂ ಪ್ರಶ್ನೆ ಇದ್ದದ್ದು ಶಾಲೆ ಇದೆಯೇ ಇಲ್ಲವೇ ಎಂಬುದು. ಹೇಗೆ ಕಲಿಸಬೇಕೆಂಬುದು ನಂತರದ ಮಾತು. (1883ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನೊಡನೆ ಕಾರವಾರದ ಕಡಲತೀರದಲ್ಲಿ ಕೆಲವು ಕಾಲ ಕಳೆದ ತರುಣ ರವೀಂದ್ರನಾಥ ಠಾಕೂರರೇ 1901ರಲ್ಲಿ ಶಾಂತಿನಿಕೇತನದಲ್ಲಿ ಮರದಡಿಯ ಶಾಲೆ ತೆರೆದರು. ಕಾರವಾರದ ಕಡಲತೀರಕ್ಕೆ ಅವರ ಹೆಸರು ಬಂತು, ಅವರ ಶಾಲೆಯ ಕ್ರಮ ಬರಲಿಲ್ಲ.) 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಗು ಕೇಂದ್ರಿತ ಶಿಕ್ಷಣವೆಂಬ ಮಾತನ್ನು ಕಡತಕ್ಕೆ ತಂದಿತು, ಮರುವರ್ಷದ ಕಪ್ಪುಹಲಗೆ ಕಾರ್ಯಾಚರಣೆ (ಆಪರೇಷನ್ ಬ್ಲ್ಯಾಕ್‌ಬೋರ್ಡ್) ಎಂಬ ಕೇಂದ್ರದ ಯೋಜನೆ ಕೋಣೆ, ಹಲಗೆ, ಎರಡನೆಯ ಶಿಕ್ಷಕರ ಬಗ್ಗೆ ಯೋಚಿಸಿತು.

ಆ ಮಾತು ತರಗತಿಯೊಳಗೆ ಕಾಲಿಟ್ಟದ್ದು ನಲಿ-ಕಲಿಯ ಮೂಲಕ. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ, ಬಳಿಕ ಮೂರನೆಯ ತರಗತಿಗೂ ಬಂತು. ಅದರ ಯಂತ್ರ ಯಾವುದೆಂದರೆ ರಟ್ಟಿನ ಕಾರ್ಡು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೆ ಒಂದು ಚಿತ್ರದ ಗುರುತು ಕೊಟ್ಟು, ಗೋಡೆಯ ಮೇಲೆ ಕಲಿಕಾ ಏಣಿಯನ್ನು ಅಂಟಿಸಲಾಗಿತ್ತು. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ತಟ್ಟೆಗೆ, ಎಂದರೆ ಗುಂಪಿಗೆ, ಹೋಗಿ ಕೂರಬಹುದಿತ್ತು. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಓರಗೆಯ ಮಕ್ಕಳೇ ಕಲಿಸುವವರು, ಕೊನೆಯದರಲ್ಲಿ ಸ್ವಂತ ಕಲಿಕೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು, ನೆಲಕ್ಕೆ ಸಮೀಪದಲ್ಲಿ ಮಕ್ಕಳ ಕೈಗೆಟಕುವ ಕಪ್ಪುಹಲಗೆ.

ಅಕ್ಷರಗಳ ಕ್ರಮವನ್ನೂ ಅದು ಬದಲಿಸಿತು. ಅ, ಆ, ಇ, ಈ ಬದಲು ರ, ಗ, ಸ, ದ, ಅ ಎಂದು ಶುರುಮಾಡಿದ್ದರಿಂದ ಐದೇ ಅಕ್ಷರ ಕಲಿತ ಮಗು 'ಸರ', 'ಅಗಸ', 'ಅರಸ' ಎಂದು ಓದಬಲ್ಲುದಾಯಿತು. ಸಂಜೆ ಮನೆಯ ಜಗಲಿಯ ಮೇಲೆ ವರ್ಣಮಾಲೆ ಒಪ್ಪಿಸಲು ಹೇಳಿದ ಅಜ್ಜಂದಿರು ಇದನ್ನು ಕೇಳಿ ತಬ್ಬಿಬ್ಬಾದರು. ಮಕ್ಕಳು ಕಾರ್ಡು ಹಿಡಿದು ಓಡಾಡುತ್ತವೆ, ಪಾಠವೇ ಇಲ್ಲ ಎಂಬ ದೂರೂ ಹುಟ್ಟಿತು. ಪದ್ಧತಿಯ ಒಳಗುಟ್ಟನ್ನು ಪಾಲಕರಿಗೆ ಬಿಡಿಸಿ ಹೇಳುವ ಕೆಲಸಕ್ಕೆ ಯಾವ ಯೋಜನೆಯಲ್ಲಿಯೂ ಹೆಚ್ಚು ಜಾಗ ಇರಲಿಲ್ಲ.

ಆದರೂ ಈ ಏಣಿ ನಮ್ಮ ಜಿಲ್ಲೆಗೆಂದೇ ಹೊಂದಿಸಿದಂತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಇಲ್ಲಿ ಮುಕ್ಕಾಲು ಭಾಗಕ್ಕೂ ಮಿಕ್ಕಿ ಕಾಡು. ಮನೆಗಳು ತೋಟದಿಂದ ತೋಟಕ್ಕೆ, ಮಜಿರೆಯಿಂದ ಮಜಿರೆಗೆ ಚದುರಿವೆ. ಒಂದು ಕಿರಿಯ ಪ್ರಾಥಮಿಕ ಶಾಲೆಯ ಐದು ತರಗತಿಗಳೂ ಸೇರಿ ಮಕ್ಕಳ ಸಂಖ್ಯೆ ಇಪ್ಪತ್ತು ದಾಟದಿರುವುದು ಸಾಮಾನ್ಯ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರಿಸುವುದು ಬೇರೆಡೆ ಪ್ರಯೋಗವಾಗಿದ್ದರೆ ಇಲ್ಲಿ ಅದು ನಿತ್ಯದ ಬದುಕು. ಮಳೆಗಾಲದಲ್ಲಿ ಹಳ್ಳ ತುಂಬಿ ಕಾಲುಸಂಕ ದಾಟಲಾಗದೆ ನಾಲ್ಕು ದಿನ ಮನೆಯಲ್ಲಿಯೇ ಉಳಿದ ಮಗು ಐದನೆಯ ದಿನ ಬಂದಾಗ ಹಳೆಯ ಕ್ರಮದ ತರಗತಿಯಲ್ಲಿ ಪಾಠ ಮುಂದೆ ಹೋಗಿರುತ್ತದೆ. ಏಣಿಯಲ್ಲಿ ಅದು ಬಿಟ್ಟ ಮೆಟ್ಟಿಲು ಅಲ್ಲಿಯೇ ಕಾದಿರುತ್ತದೆ. ಮನೆಯಲ್ಲಿ ಕೊಂಕಣಿ, ಮರಾಠಿ, ನವಾಯತಿ ಅಥವಾ ಹಾಲಕ್ಕಿ, ಹವ್ಯಕ ಕನ್ನಡ ಆಡುವ ಮಕ್ಕಳಿಗೆ ಪಠ್ಯದ ಕನ್ನಡಕ್ಕೆ ಹೊಂದಿಕೊಳ್ಳಲು ಸಿಗುತ್ತಿದ್ದ ಬಿಡುವೂ ಇಲ್ಲಿಯೇ.

ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯ ತರಗತಿಗೆ ಹೋದ ಮಗು ಮತ್ತೆ ಬೆಂಚು, ಪುಸ್ತಕ, ಒಂದೇ ಪಾಠ, ಒಂದೇ ವೇಗಕ್ಕೆ ಮರಳುತ್ತದೆ. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ರಾಜ್ಯ ಹೊರಟಾಗ ಚರ್ಚೆ ಪೂರಾ ಮಾಧ್ಯಮದ ಕಡೆಗೆ ಹೊರಳಿ, ಪದ್ಧತಿಯ ಪ್ರಶ್ನೆ ಹಿಂದೆ ಸರಿಯಿತು.

ಎರಡನೆಯ ಎಳೆಯ, ಎಂದರೆ ಯಂತ್ರದ ಮೂಲಕ ಪಾಠ ತಲುಪಿಸುವುದರ, ಕಥೆ ಚಿಕ್ಕದು. ಮೊದಲು ಬಾನುಲಿ ಪಾಠ ಬಂತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಚಾಮರಾಜನಗರದ ಪ್ರಾಥಮಿಕ ಶಾಲೆಗಳು ಅದರ ಪಾಠ ನೋಡಿದವು. ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದವು, ಕೆಲವೆಡೆ ಬೀಗದ ಕೋಣೆಯಲ್ಲಿಯೇ ಹಳತಾದವು. 2017ರಲ್ಲಿ ಕೇಂದ್ರದ ಡಿಜಿಟಲ್ ಪಾಠಗಳ ತಾಣ ದೀಕ್ಷಾ ಬಂದ ಮೇಲೆ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಅಚ್ಚಾಯಿತು. ಇವೆಲ್ಲವುಗಳಲ್ಲಿ ಸಮಾನವಾದ ಒಂದು ಗುಣವಿತ್ತು: ಒಬ್ಬರು ಹೇಳಿದ್ದನ್ನೇ ಎಲ್ಲ ಮಕ್ಕಳೂ ಕೇಳಬೇಕು. ಯಂತ್ರ ಹೊಸದು, ಪಾಠ ಹಳೆಯ ಮಾಸ್ತರದೇ.

2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಎರಡೂ ಎಳೆಗಳು ಮುಖಾಮುಖಿಯಾದವು. ಚಂದನ ವಾಹಿನಿಯಲ್ಲಿ ಪಾಠ ಬಿತ್ತರವಾಯಿತು, ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗ ಎಂದು ಘಟ್ಟದವರನ್ನು ಕೇಳಬಾರದು. ಮೊಬೈಲ್ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳ, ಅಲ್ಲೇ ಪ್ಲಾಸ್ಟಿಕ್ ಹೊದಿಸಿ ಕೂತ ವಿದ್ಯಾರ್ಥಿಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅದೇ ವರ್ಷದ ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಯೋಜನೆ ಮಕ್ಕಳನ್ನು ಇಂಟರ್ನೆಟ್ ಇರುವ ಮೊಬೈಲ್ ಉಳ್ಳವರು, ಸಾದಾ ಮೊಬೈಲ್ ಉಳ್ಳವರು, ಏನೂ ಇಲ್ಲದವರು ಎಂದು ವಿಂಗಡಿಸಿತು. ಅಕ್ಕೋರು, ಮಾಸ್ತರುಗಳು ದೇವಸ್ಥಾನದ ಪೌಳಿಗೆ, ಯಾರದೋ ಅಂಗಳಕ್ಕೆ ನಡೆದು ಹೋಗಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತರೂ, ಆ ಎರಡು ತಿಂಗಳಲ್ಲಿ ಮಗುವಿನ ಬಳಿಗೆ ಹೋದದ್ದು ಯಂತ್ರವಲ್ಲ, ಮನುಷ್ಯರು.

ಕೋವಿಡ್ ಕಾಲದಲ್ಲಿ ತಪ್ಪಿದ ಕಲಿಕೆ ತುಂಬಿಕೊಡಲು ಬಂದ 2022-23ರ ಕಲಿಕಾ ಚೇತರಿಕೆ ತನ್ನ ಅಭ್ಯಾಸದ ಹಾಳೆಗಳ ಮೂಲಕ ಮಕ್ಕಳನ್ನು ಅವರಿರುವ ಮಟ್ಟದಿಂದ ಎತ್ತಲು ನೋಡಿತು. ಏಣಿಯ ವಿಚಾರವೇ ಮೇಲಿನ ತರಗತಿಗಳಿಗೂ ಹರಡಿದ ಅಪರೂಪದ ವರ್ಷವದು. ಈಗ ಟ್ಯಾಬ್ ಮತ್ತು ಕೃತಕ ಬುದ್ಧಿಮತ್ತೆಯ ಸರದಿ. ಪ್ರತಿ ಮಗು ಎಲ್ಲಿ ಎಡವಿತೆಂದು ಗುರುತಿಸಿ ಮುಂದಿನ ಅಭ್ಯಾಸ ಕೊಡುವ ತಂತ್ರಾಂಶಗಳು ಮಾಡಹೊರಟಿರುವುದು ರಟ್ಟಿನ ಕಾರ್ಡು ಮಾಡುತ್ತಿದ್ದ ಕೆಲಸವನ್ನೇ; ನಾಲ್ಕರಿಂದ ಏಳನೆಯ ತರಗತಿಯ ಖಾಲಿ ಜಾಗವನ್ನು ಅವು ತುಂಬಬಲ್ಲವು. ಆದರೆ ಅದಕ್ಕೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ಪಾಠ ಬೇಕು, ಕೊಂಕಣಿ ಮಗುವಿನ ಕನ್ನಡ ಉಚ್ಚಾರವನ್ನು ತಪ್ಪೆಂದು ಎಣಿಸದ ಕಿವಿ ಬೇಕು. ಈವರೆಗೆ ಶಾಲೆಗೆ ಬಂದ ಆ್ಯಪ್‌ಗಳಲ್ಲಿ ಹೆಚ್ಚಿನವು ಕಲಿಸಲು ಬಂದವಲ್ಲ. ಹಾಜರಿ, ಬಿಸಿಯೂಟ, ಅಂಕಗಳ ಲೆಕ್ಕ ತುಂಬಿಸಿಕೊಳ್ಳಲು ಬಂದವು. ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತಾಲ್ಲೂಕಿನ ಸಭೆಗೆ ಹೋದ ದಿನ ಉಳಿದವರು ಐದು ತರಗತಿಗಳ ನಡುವೆ ನಿಂತು, ಸಿಗ್ನಲ್ ಸಿಗುವ ಕಿಟಕಿಯ ಬಳಿ ಮೊಬೈಲ್ ಹಿಡಿದು, ಆ ದಿನದ ಲೆಕ್ಕ ಕಳಿಸುತ್ತಿರುತ್ತಾರೆ.