ಪಿತ್ತದ ಚೀಲ ಒಡೆಯದ ಹಾಗೆ: ಕೀಹೋಲ್ ಶಸ್ತ್ರಚಿಕಿತ್ಸೆಯ ಕೈ ಪಳಗುವುದು ಎಲ್ಲಿ?

ತಿಂಗಳಿಗೊಂದು ಶನಿವಾರ ಸಂಜೆ ನಾನು ಮಡಿಕೇರಿಯ ಹಂದಿಮಾಂಸದ ಅಂಗಡಿಯೊಂದಕ್ಕೆ ಮೊದಲೇ ಹೇಳಿಡುತ್ತೇನೆ: ಮರುದಿನ ಬೆಳಿಗ್ಗೆ ಒಂದು ಲಿವರನ್ನು ಇಡಿಯಾಗಿ ತೆಗೆದಿಡಬೇಕು, ಅದಕ್ಕೆ ಅಂಟಿರುವ ಪಿತ್ತದ ಚೀಲವನ್ನು ಬಿಡಿಸಬಾರದು. ಅಂಗಡಿಯವರಿಗೆ ಇದು ಮೊದಮೊದಲು ವಿಚಿತ್ರವಾಗಿ ಕಂಡಿತ್ತು. ಚೀಲ ಒಡೆದು ಪಿತ್ತ ಸೋರಿದರೆ ಮಾಂಸ ಕಹಿಯಾಗುತ್ತದೆಂದು ಅವರು ಎಲ್ಲಕ್ಕಿಂತ ಮೊದಲು ಬಿಡಿಸಿ ಎಸೆಯುವುದು ಅದನ್ನೇ. ಅವರ ಕೈ ಆ ಚೀಲವನ್ನು ಲಿವರಿನಿಂದ ಒಂದು ಹನಿಯೂ ಸೋರದಂತೆ ಎಬ್ಬಿಸುವುದನ್ನು ನಾನು ಹಲವು ಸಲ ನಿಂತು ನೋಡಿದ್ದೇನೆ, ನಮ್ಮ ಕಿರಿಯ ವೈದ್ಯರನ್ನೂ ಕರೆದೊಯ್ದು ತೋರಿಸಿದ್ದೇನೆ. ಮನುಷ್ಯನ ಪಿತ್ತಕೋಶವನ್ನು ತೆಗೆಯುವಾಗ ನಾವು ಮಾಡಬೇಕಾದದ್ದೂ ಬಹುಮಟ್ಟಿಗೆ ಅದೇ. ವ್ಯತ್ಯಾಸವಿಷ್ಟೇ: ನಾವು ಅದನ್ನು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ಅಗಲದ ಮೂರು ನಾಲ್ಕು ರಂಧ್ರಗಳ ಮೂಲಕ, ಪರದೆಯನ್ನು ನೋಡುತ್ತ, ಉದ್ದನೆಯ ಇಕ್ಕಳಗಳಿಂದ ಮಾಡುತ್ತೇವೆ.

ಜನ ಇದನ್ನು ತೂತು ಹಾಕಿ ಮಾಡುವ ಆಪರೇಷನ್ ಎನ್ನುತ್ತಾರೆ. ಗಾಯ ಚಿಕ್ಕದಾದ್ದರಿಂದ ಕೆಲಸವೂ ಚಿಕ್ಕದೆಂಬ ಭಾವನೆ ಹೊರರೋಗಿ ವಿಭಾಗದಲ್ಲಿ ದಿನವೂ ಎದುರಾಗುತ್ತದೆ. ರೋಗಿಗೆ ಇದು ಹಗುರವೆಂಬುದು ನಿಜ. ನೋವು ಕಡಿಮೆ, ಬಹಳಷ್ಟು ಮಂದಿ ಮರುದಿನವೇ ಮನೆಗೆ ಹೋಗುತ್ತಾರೆ. ಶಸ್ತ್ರವೈದ್ಯನಿಗೆ ಮಾತ್ರ ಇದು ತೆರೆದ ಶಸ್ತ್ರಚಿಕಿತ್ಸೆಗಿಂತ ಕಷ್ಟದ ಕಲಿಕೆ. ಹೊಟ್ಟೆಯ ಗೋಡೆಯಲ್ಲಿ ಸಿಕ್ಕಿಕೊಂಡ ಇಕ್ಕಳ ಸನ್ನೆಗೋಲಿನಂತೆ ವರ್ತಿಸುವುದರಿಂದ ಕೈ ಬಲಕ್ಕೆ ಹೋದರೆ ಅದರ ತುದಿ ಎಡಕ್ಕೆ ಹೋಗುತ್ತದೆ, ಕೈ ಏರಿದರೆ ತುದಿ ಇಳಿಯುತ್ತದೆ. ಪರದೆಯ ಚಿತ್ರಕ್ಕೆ ಆಳವಿಲ್ಲ. ಬೆರಳಿನಿಂದ ಮುಟ್ಟಿ, ಇದು ಗಟ್ಟಿ, ಇದು ಮೆತ್ತಗೆ, ಇದರಲ್ಲಿ ನಾಡಿ ಬಡಿಯುತ್ತಿದೆ ಎಂದು ತಿಳಿಯುವ ದಾರಿ ಬಹುತೇಕ ಮುಚ್ಚಿಹೋಗಿರುತ್ತದೆ. ಕೈಯೂ ಕಣ್ಣೂ ಹುಟ್ಟಿನಿಂದ ಕಲಿತದ್ದನ್ನು ಬದಿಗಿಟ್ಟು ಹೊಸದಾಗಿ ಪಳಗಬೇಕು. ಆ ಪಳಗುವಿಕೆ ರೋಗಿಯ ಹೊಟ್ಟೆಯೊಳಗೆ ಆರಂಭವಾಗಬಾರದು ಎಂಬುದೇ ನನ್ನ ವಾದ.

ಈ ವಿದ್ಯೆಯ ಇತಿಹಾಸವೇ ಇದಕ್ಕೆ ಸಾಕ್ಷಿ. ಸ್ತ್ರೀರೋಗ ತಜ್ಞರಾಗಿದ್ದ ಕುರ್ಟ್ ಸೆಮ್ ಜರ್ಮನಿಯ ಕೀಲ್ ನಗರದಲ್ಲಿ 1980ರಲ್ಲಿ ಅಪೆಂಡಿಕ್ಸನ್ನು ಲ್ಯಾಪರೋಸ್ಕೋಪಿಯಿಂದ, ಅಂದರೆ ಈ ಕೀಹೋಲ್ ವಿಧಾನದಿಂದ, ತೆಗೆದರು, 1985ರಲ್ಲಿ ಅದೇ ದೇಶದ ಎರಿಕ್ ಮ್ಯೂಹೆ ಪಿತ್ತಕೋಶವನ್ನು ತೆಗೆದರು, ಭಾರತದಲ್ಲಿ ಡಾ. ಟೆಹೆಮ್ಟನ್ ಉಡ್ವಾಡಿಯಾ ಅವರು 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಈ ವಿಧಾನದಿಂದ ಪಿತ್ತಕೋಶ ತೆಗೆದರು. ಅದಾದ ಮೇಲೆ ಬೇಡಿಕೆ ಎಷ್ಟು ಬೇಗ ಏರಿತೆಂದರೆ, ಅನೇಕ ದೇಶಗಳಲ್ಲಿ ಹಿರಿಯ ಶಸ್ತ್ರವೈದ್ಯರು ವಾರಾಂತ್ಯದ ಶಿಬಿರವೊಂದನ್ನು ಮುಗಿಸಿ ಸೋಮವಾರ ರೋಗಿಗಳ ಮೇಲೆ ಕೆಲಸ ಆರಂಭಿಸಿದರು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಅಪರೂಪವಾಗಿದ್ದ ಪಿತ್ತನಾಳದ ಗಾಯಗಳು ಆ ವರ್ಷಗಳಲ್ಲಿ ಕಣ್ಣಿಗೆ ರಾಚುವಷ್ಟು ಹೆಚ್ಚಿದವು.

ಈ ಗಾಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳವನ್ನು ಕ್ಲಿಪ್ ಹಾಕಿ ಕತ್ತರಿಸಬೇಕು. ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ಪಿತ್ತನಾಳವನ್ನು ಮುಟ್ಟಬಾರದು. ಉರಿಯೂತದಿಂದ ಎಲ್ಲವೂ ಅಂಟಿಕೊಂಡಿರುವಾಗ ಪಿತ್ತಕೋಶವನ್ನು ಮೇಲಕ್ಕೆ ಎಳೆದರೆ ಮುಖ್ಯ ನಾಳವೂ ಅದರೊಂದಿಗೆ ಎಳೆದುಕೊಂಡು ಬಂದು, ನೋಡುವವನಿಗೆ ಸಣ್ಣ ನಾಳದಂತೆಯೇ ತೋರುತ್ತದೆ. ಲಾರೆನ್ಸ್ ವೇ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ 252 ಗಾಯಗಳನ್ನು ಪರಿಶೀಲಿಸಿ, 97 ಶೇಕಡಾ ಪ್ರಕರಣಗಳಲ್ಲಿ ಮೂಲ ಕಾರಣ ದೃಷ್ಟಿಯ ಭ್ರಮೆ ಎಂದು ಕಂಡುಕೊಂಡರು. ಕೈಚಳಕದ ಕೊರತೆ ಬಹಳ ಕಡಿಮೆ ಪ್ರಕರಣಗಳಲ್ಲಿತ್ತು. ಅಂದರೆ ವೈದ್ಯನ ಕೈ ಸರಿಯಾಗಿಯೇ ಕತ್ತರಿಸಿತ್ತು, ಆದರೆ ಕತ್ತರಿಸಿದ್ದು ಬೇರೆ ನಾಳವನ್ನು. ಇದಕ್ಕೆ ಮದ್ದಾಗಿ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಒಂದು ನಿಯಮವನ್ನು ಸ್ಪಷ್ಟಪಡಿಸಿದರು: ಪಿತ್ತಕೋಶದ ಬುಡದ ತ್ರಿಕೋನದಲ್ಲಿರುವ ಕೊಬ್ಬು, ನಾರುಗಳನ್ನೆಲ್ಲ ಬಿಡಿಸಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಬೇರ್ಪಟ್ಟಿರಬೇಕು, ಪಿತ್ತಕೋಶದೊಳಗೆ ಹೋಗುವ ರಚನೆಗಳು (ಆ ಸಣ್ಣ ನಾಳ ಮತ್ತು ಒಂದು ರಕ್ತನಾಳ) ಎರಡು, ಎರಡೇ ಎರಡು ಕಾಣಬೇಕು. ಈ ಮೂರೂ ಕಾಣುವ ತನಕ ಕ್ಲಿಪ್ ಹಾಕುವಂತಿಲ್ಲ. ನನ್ನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಿರಿಯರು ಈ ಹಂತದಲ್ಲಿ ಕೈ ನಿಲ್ಲಿಸಿ, ಕಂಡದ್ದನ್ನು ಗಟ್ಟಿಯಾಗಿ ಹೇಳಿ, ಚಿತ್ರ ತೆಗೆದಿಟ್ಟ ಮೇಲಷ್ಟೇ ಮುಂದುವರಿಯುತ್ತಾರೆ. ಎರಡು ನಿಮಿಷ ಹೋದರೆ ಹೋಗಲಿ.

ಹೊರಗಿನ ಅಭ್ಯಾಸ ನಿಜವಾಗಿಯೂ ಒಳಗೆ ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧನೆ ಉತ್ತರಿಸಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 16 ಮಂದಿ ಕಿರಿಯ ಶಸ್ತ್ರವೈದ್ಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ನಿಗದಿತ ಮಟ್ಟ ಮುಟ್ಟುವವರೆಗೆ ಅಭ್ಯಾಸ ಮಾಡಿಸಿದರು. ಅವರು ಪಿತ್ತಕೋಶ ಬಿಡಿಸುವ ಕೆಲಸವನ್ನು 29 ಶೇಕಡಾ ಬೇಗ ಮುಗಿಸಿದರು. ಅಭ್ಯಾಸವಿಲ್ಲದ ಗುಂಪಿನವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶವನ್ನು ಸುಡುವ ಸಂಭವ ಐದು ಪಟ್ಟು ಇತ್ತು. ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು 2013ರಲ್ಲಿ ಬಂದ ಮಿಷಿಗನ್ ರಾಜ್ಯದ ಅಧ್ಯಯನ. ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡುವ 20 ಮಂದಿ ಅನುಭವಿ ವೈದ್ಯರು ತಮ್ಮ ಕೆಲಸದ ವಿಡಿಯೋ ಕೊಟ್ಟರು, ಅದು ಯಾರದೆಂದು ತಿಳಿಯದ ಸಹವೈದ್ಯರು ಅದಕ್ಕೆ ಅಂಕ ಹಾಕಿದರು. ಅಂಕದಲ್ಲಿ ಕೊನೆಯ ಕಾಲು ಭಾಗದಲ್ಲಿದ್ದವರ ರೋಗಿಗಳಲ್ಲಿ ತೊಡಕುಗಳು 14.5 ಶೇಕಡಾ, ಮೊದಲ ಕಾಲು ಭಾಗದವರಲ್ಲಿ 5.2 ಶೇಕಡಾ. ಕೈಯ ನೈಪುಣ್ಯವನ್ನು ಅಳೆಯಬಹುದು, ಅದರ ಬೆಲೆಯನ್ನು ಕಟ್ಟುವವನು ರೋಗಿ ಎಂಬುದು ಇಷ್ಟು ನೇರವಾಗಿ ಕಂಡದ್ದು ಅಪರೂಪ.

ಲಕ್ಷಾಂತರ ರೂಪಾಯಿಯ ಸಿಮ್ಯುಲೇಟರ್ ಇದ್ದರೆ ಮಾತ್ರ ತರಬೇತಿ ಸಾಧ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮಲ್ಲಿರುವುದು ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮುಚ್ಚಳದಲ್ಲಿ ಕೊರೆದ ರಂಧ್ರಗಳು, ಒಳಗೊಂದು ಸಣ್ಣ ಕ್ಯಾಮೆರಾ, ದೀಪ, ಬಳಕೆಯಿಂದ ತೆಗೆದ ಹಳೆಯ ಇಕ್ಕಳಗಳು. ಮೊದಲ ವಾರ ಕರಿಮೆಣಸಿನ ಕಾಳುಗಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಿಸುತ್ತೇನೆ, ಬಲಗೈ ರೂಢಿಯವರಿಗೆ ಎಡಗೈಯಿಂದಲೇ ಹೆಚ್ಚು. ಆಮೇಲೆ ಕಿತ್ತಳೆ: ತೊಳೆಗಳು ಒಡೆಯದಂತೆ ಸಿಪ್ಪೆ ಸುಲಿಯಬೇಕು; ಸಿಪ್ಪೆ ಸಡಿಲವಾಗಿರುವ ನಮ್ಮ ಕೊಡಗಿನ ಕಿತ್ತಳೆಯಿಂದ ಆರಂಭಿಸಿ, ಸಿಪ್ಪೆ ಬಿಗಿಯಾದ ಹಣ್ಣುಗಳಿಗೆ ಹೋಗುತ್ತೇವೆ. ಆರು ಬಿಲ್ಲೆಗಳನ್ನು ಒಂದು ಕೈಯ ಇಕ್ಕಳದಿಂದ ಇನ್ನೊಂದಕ್ಕೆ ದಾಟಿಸಿ ಗೂಟಗಳಿಗೆ ಸಿಕ್ಕಿಸಿ ಮರಳಿ ತರುವ ಅಂತರರಾಷ್ಟ್ರೀಯ ಅಭ್ಯಾಸಕ್ಕೆ ಪಳಗಿದ ಕೈಯ ಗುರಿ 48 ಸೆಕೆಂಡು. ಮೊದಲ ದಿನ ಐದು ನಿಮಿಷ ತೆಗೆದುಕೊಂಡವರು ಒಂದೆರಡು ತಿಂಗಳಲ್ಲಿ ಅದರ ಹತ್ತಿರ ಬರುವುದನ್ನು ಕಂಡಿದ್ದೇನೆ. ದಿನಕ್ಕೆ ಇಪ್ಪತ್ತು ನಿಮಿಷ ತಪ್ಪದೆ ಕೂತವರು, ವಾರಕ್ಕೊಮ್ಮೆ ಮೂರು ಗಂಟೆ ಕೂತವರಿಗಿಂತ ಬೇಗ ಕಲಿಯುತ್ತಾರೆ. ಪೆಟ್ಟಿಗೆಯೊಳಗೆ ಹೊಲಿಗೆ ಹಾಕಿ ಗಂಟು ಬಿಗಿಯುವುದು ಬಂದ ಮೇಲೆ ಹಂದಿಯ ಲಿವರಿನ ಸರದಿ. ಅಲ್ಲಿ ಚೀಲ ಒಡೆದರೆ ಹಸಿರು ಪಿತ್ತ ಪರದೆಯ ತುಂಬ ಹರಡುತ್ತದೆ, ಆ ಪಾಠವನ್ನು ಮರೆಯುವವರಿಲ್ಲ.

ಕ್ಯಾಮೆರಾ ಹಿಡಿಯುವವರ ತರಬೇತಿಯನ್ನು ಬಹಳ ಕಡೆ ಕಡೆಗಣಿಸುತ್ತಾರೆ. ಶಸ್ತ್ರವೈದ್ಯನ ಕಣ್ಣು ಆ ಹೊತ್ತಿಗೆ ಬೇರೊಬ್ಬರ ಕೈಯಲ್ಲಿರುತ್ತದೆ. ಮಳೆಗಾಲದ ಮಡಿಕೇರಿಯಲ್ಲಿ ತಣ್ಣಗಿರುವ ಕ್ಯಾಮೆರಾ ಕೊಳವೆಯ ಗಾಜು ಹೊಟ್ಟೆಯೊಳಗಿನ 37 ಡಿಗ್ರಿ ಬೆಚ್ಚನೆಯ ತೇವಕ್ಕೆ ಹೋದ ಕೂಡಲೇ ಮಂಜು ಹಿಡಿಯುತ್ತದೆ; ಅದನ್ನು ಬಿಸಿ ಸಲೈನಿನಲ್ಲಿ ಅದ್ದಿಟ್ಟು, ಒರೆಸಿ, ಪರದೆಯ ಚಿತ್ರ ಓರೆಯಾಗದಂತೆ ಹಿಡಿಯುವುದನ್ನು ನಮ್ಮ ನರ್ಸ್‌ಗಳೂ ಪೆಟ್ಟಿಗೆಯಲ್ಲೇ ಕಲಿಯುತ್ತಾರೆ. ಕರೆಂಟು ಹೋದಾಗ ಯಾರು ಏನು ಮಾಡಬೇಕೆಂಬುದನ್ನೂ ಆಷಾಢ ಬರುವ ಮೊದಲೇ ಒಮ್ಮೆ ಆಡಿ ನೋಡುತ್ತೇವೆ.

ಸಂಶೋಧನೆ ಎಂದರೆ ದೊಡ್ಡ ಊರಿನ ದೊಡ್ಡ ಸಂಸ್ಥೆಗಳ ಕೆಲಸವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಳಗೆ ಕೆಲಸ ಮಾಡಲು ಜಾಗವಾಗುವಂತೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಹಿಡಿದಿಡಲು ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕೆನ್ನುತ್ತೇವೆ. ಗ್ರೀಸಿನಲ್ಲಿ 100 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆನ್ನುಹುರಿಯ ಅರಿವಳಿಕೆಯಲ್ಲೇ ಪಿತ್ತಕೋಶ ತೆಗೆದು, ನಂತರದ ನೋವೂ ಕಡಿಮೆಯೆಂದು ತೋರಿಸಿದರು. ಅನಿಲವೇ ಇಲ್ಲದೆ ಹೊಟ್ಟೆಯ ಗೋಡೆಯನ್ನು ಕೊಕ್ಕೆಯಿಂದ ಎತ್ತಿ ಹಿಡಿಯುವ ವಿಧಾನವನ್ನು ನಮ್ಮ ದೇಶದ ಗ್ರಾಮೀಣ ಶಸ್ತ್ರವೈದ್ಯರು ಬೆಳೆಸಿದ್ದಾರೆ. ಅರಿವಳಿಕೆ ತಜ್ಞರು ವಿರಳವಾಗಿರುವ ತಾಲ್ಲೂಕುಗಳಿಗೆ ಇವು ಹತ್ತಿರದ ವಿಷಯಗಳು.

ಇನ್ನೊಂದು, ಶುಚಿತ್ವದ ವಿಷಯ. ಎಲ್ಲ ಸರಿಯಾಗಿ ಮುಗಿದು ಮೂರು ನಾಲ್ಕು ವಾರದ ಮೇಲೆ ರಂಧ್ರದ ಜಾಗದಲ್ಲಿ ಗಂಟು ಕಟ್ಟಿ ಕೀವು ಸೋರುವ ರೋಗಿಗಳನ್ನು ಭಾರತದ ಹೆಚ್ಚಿನ ಶಸ್ತ್ರವೈದ್ಯರು ನೋಡಿರುತ್ತಾರೆ. ಕ್ಷಯದ ಬಳಗಕ್ಕೆ ಸೇರಿದ, ನೀರಿನಲ್ಲಿ ಬದುಕುವ ಸೂಕ್ಷ್ಮಾಣುಗಳು ಇದಕ್ಕೆ ಕಾರಣ. ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಅವು ಜಗ್ಗುವುದಿಲ್ಲ, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಇಕ್ಕಳವನ್ನು ಬಿಡಿಬಿಡಿಯಾಗಿ ಬಿಚ್ಚಿ ತೊಳೆಯದೆ ಗ್ಲುಟರಾಲ್ಡಿಹೈಡ್ ಎಂಬ ಸೋಂಕುನಿವಾರಕ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ, ಆಮೇಲೆ ನಲ್ಲಿಯ ಅಥವಾ ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸುವುದು ಅವುಗಳಿಗೆ ದಾರಿ ಮಾಡಿಕೊಡುತ್ತದೆ. ನಾನು ಹಿಂದೆ ಕೆಲಸ ಮಾಡಿದ ಆಸ್ಪತ್ರೆಯೊಂದರಲ್ಲಿ ಇಂತಹ ಮೂರು ಪ್ರಕರಣಗಳು ಒಂದರ ಹಿಂದೆ ಒಂದು ಬಂದಾಗ ಅದನ್ನು ಹೊಲಿಗೆಯ ದಾರದ ದೋಷವೆಂದೇ ನಾವು ತಿಳಿದಿದ್ದೆವು. ಈಗ ಹಬೆಯಲ್ಲಿ ಶುದ್ಧಿಯಾಗಬಲ್ಲ ಪ್ರತಿಯೊಂದು ಉಪಕರಣವೂ ಆಟೋಕ್ಲೇವಿಗೆ ಹೋಗುತ್ತದೆ, ಬಿಚ್ಚಿ ತೊಳೆಯುವುದನ್ನು ಕಿರಿಯ ವೈದ್ಯರಿಗೂ ಕಲಿಸುತ್ತೇವೆ.

ಕಷ್ಟವೆನಿಸಿದಾಗ ಹೊಟ್ಟೆ ತೆರೆಯುವ ನಿರ್ಧಾರವೂ ತರಬೇತಿಯ ಭಾಗ. ಅಂಗಾಂಶಗಳು ಕಲ್ಲಿನಂತೆ ಅಂಟಿಕೊಂಡಿದ್ದರೆ ಪಿತ್ತಕೋಶದ ಬುಡವನ್ನು ಬಿಟ್ಟು ಉಳಿದ ಭಾಗವನ್ನಷ್ಟೇ ತೆಗೆಯಬಹುದು, ಅಥವಾ ತೆರೆದ ವಿಧಾನಕ್ಕೆ ಹೋಗಬಹುದು. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾದ ರೋಗಿಯನ್ನು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ ಇನ್ನೂ ದೂರಕ್ಕೋ ಸಾಗಿಸಬೇಕಾದ ಊರು ನಮ್ಮದು. ಮಣ್ಣು ಕುಸಿದು ರಸ್ತೆ ಮುಚ್ಚಿದ 2018ರ ಆಗಸ್ಟನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಹಾಗಾಗಿ ಆಪರೇಷನ್ನಿಗೆ ಒಪ್ಪಿಗೆ ಪಡೆಯುವಾಗಲೇ, ಬೇಕಾದರೆ ಹೊಟ್ಟೆ ತೆರೆಯುತ್ತೇವೆ, ಅದು ಸೋಲಲ್ಲ ಎಂದು ರೋಗಿಗೂ ಮನೆಯವರಿಗೂ ಕೂರಿಸಿ ಹೇಳುತ್ತೇನೆ.

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಸೋಮವಾರಪೇಟೆ ಕಡೆಯ ತೋಟದ ಕಾರ್ಮಿಕ ಮಹಿಳೆಯೊಬ್ಬರು ಪಿತ್ತಕೋಶ ತೆಗೆಸಿಕೊಂಡು ಮನೆಗೆ ಹೊರಡುವಾಗ, "ಡಾಕ್ಟ್ರೇ, ಹಣ್ಣಿನ ಚೀಲ ಹೊರೋದು ಯಾವಾಗಿಂದ?" ಎಂದು ಕೇಳಿದರು. ನಮ್ಮ ಪುಸ್ತಕಗಳ ಸಲಹೆ ಮೇಜಿನ ಮುಂದೆ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಭಾರ ಹೊರುವುದು ನಾಲ್ಕು ವಾರ ಬೇಡ, ಹಣ್ಣು ಕೊಯ್ಯುವುದು ಹತ್ತು ದಿನದ ಮೇಲೆ ಆಗಬಹುದು ಎಂದೆ. ಅಂದಿನಿಂದ ಕಿರಿಯ ವೈದ್ಯರೊಬ್ಬರು ದಪ್ಪನೆಯ ನೋಟ್‌ಬುಕ್ಕೊಂದನ್ನು ಇಟ್ಟಿದ್ದಾರೆ. ಪ್ರತಿ ರೋಗಿಗೂ ನಾಲ್ಕನೆಯ ಮತ್ತು ಎಂಟನೆಯ ವಾರ ಫೋನ್ ಮಾಡಿ, ರಂಧ್ರದ ಜಾಗದಲ್ಲಿ ಊತವಿದೆಯೇ, ಯಾವ ದಿನ ಕೆಲಸಕ್ಕೆ ಮರಳಿದರು, ಎಷ್ಟು ಭಾರ ಹೊತ್ತರು, ಆ ದಿನದ ಕೂಲಿ ಸಿಕ್ಕಿತೇ ಎಂದು ಕೇಳಿ ಬರೆದುಕೊಳ್ಳುತ್ತಾರೆ.