ದುಡಿಯುವ ಕೋಣೆಯ ಗಾಳಿ ಮತ್ತು ರಕ್ತದ ಕ್ಯಾನ್ಸರ್

ಬೆಂಜೀನ್ ಎಂಬುದು ಬಣ್ಣವಿಲ್ಲದ, ನಸುಸಿಹಿ ವಾಸನೆಯ, ತೆರೆದಿಟ್ಟರೆ ಬೇಗನೆ ಆವಿಯಾಗುವ ದ್ರವ. ಆರು ಇಂಗಾಲ ಮತ್ತು ಆರು ಹೈಡ್ರೋಜನ್ ಪರಮಾಣುಗಳಿರುವ ಈ ವಸ್ತುವನ್ನು 1825ರಲ್ಲಿ ಮೈಕೆಲ್ ಫ್ಯಾರಡೆ, ದೀಪ ಉರಿಸುವ ಅನಿಲದ ತಯಾರಿಕೆಯಲ್ಲಿ ಉಳಿಯುತ್ತಿದ್ದ ಎಣ್ಣೆಯಂಥ ಶೇಷದಿಂದ ಬೇರ್ಪಡಿಸಿದರು. ರಬ್ಬರು, ಮೇಣ, ಜಿಡ್ಡು, ಮುದ್ರಣದ ಶಾಯಿ ಮುಂತಾಗಿ ನೀರಿಗೆ ಬಗ್ಗದ ಅನೇಕ ಪದಾರ್ಥಗಳನ್ನು ಸಲೀಸಾಗಿ ಕರಗಿಸಿ, ಕೆಲಸ ಮುಗಿದೊಡನೆ ತಾನಾಗಿಯೇ ಆರಿಹೋಗುವ ಗುಣದಿಂದಾಗಿ ಅದು ಕಾರ್ಖಾನೆಗಳಿಗೆ ಅಚ್ಚುಮೆಚ್ಚಿನ ದ್ರಾವಕವಾಯಿತು. ಹೀಗೆ ಆರಿದ ಬೆಂಜೀನ್ ಗಾಳಿಗೆ ಸೇರುತ್ತಿತ್ತು. ಆ ಗಾಳಿಯನ್ನು ಅದೇ ಕೋಣೆಯಲ್ಲಿ ದಿನವಿಡೀ ಕುಳಿತು ದುಡಿಯುವವರು ಉಸಿರಾಡುತ್ತಿದ್ದರು.

ಅದರ ಪರಿಣಾಮ ಬಹಳ ಹಿಂದೆಯೇ ವೈದ್ಯರ ಕಣ್ಣಿಗೆ ಬಿದ್ದಿತ್ತು. 1897ರಲ್ಲಿ ಸ್ವೀಡನ್ನಿನ ಸಾಂಟೆಸನ್ ಅವರು ಸೈಕಲ್ ಟೈರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಯುವತಿಯರಲ್ಲಿ, ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸುವ ಮಾರಕ ರಕ್ತಹೀನತೆಯನ್ನು ವರದಿ ಮಾಡಿದರು. 1928ರಲ್ಲಿ ಫ್ರಾನ್ಸಿನ ಡೆಲೋರ್ ಮತ್ತು ಬೋರ್ಗೋಮಾನೊ ಎಂಬ ವೈದ್ಯರು ಬೆಂಜೀನ್ ಜೊತೆ ಕೆಲಸ ಮಾಡುತ್ತಿದ್ದ ವ್ಯಕ್ತಿಯೊಬ್ಬರಲ್ಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡದ್ದನ್ನು ದಾಖಲಿಸಿದರು. 1948ರಲ್ಲಿ ಅಮೆರಿಕದ ಪೆಟ್ರೋಲಿಯಂ ಉದ್ಯಮದ ಸಂಘಟನೆಯೇ ಹೊರತಂದ ವಿಷಶಾಸ್ತ್ರದ ಸಮೀಕ್ಷೆಯೊಂದು, ಬೆಂಜೀನ್ ಮಟ್ಟಿಗೆ ಸಂಪೂರ್ಣ ಸುರಕ್ಷಿತವಾದ ಪ್ರಮಾಣ ಸೊನ್ನೆ ಮಾತ್ರ ಎಂದು ಬರೆಯಿತು. ಇಷ್ಟು ಸ್ಪಷ್ಟವಾಗಿ ಬರೆದ ಮೇಲೂ ದಶಕಗಳ ಕಾಲ ಬಳಕೆ ಮುಂದುವರಿದದ್ದು ಈ ಇತಿಹಾಸದಲ್ಲಿ ನನ್ನನ್ನು ಅತ್ಯಂತ ನೋಯಿಸುವ ಸಂಗತಿ.

ಉಸಿರಿನೊಂದಿಗೆ ಒಳಹೋದ ಬೆಂಜೀನ್‌ನಲ್ಲಿ ಸುಮಾರು ಅರ್ಧದಷ್ಟು ದೇಹದಲ್ಲೇ ಉಳಿಯುತ್ತದೆ. ಚರ್ಮದ ಮೂಲಕವೂ ಸ್ವಲ್ಪ ಒಳಸೇರುತ್ತದೆ. ವಿಚಿತ್ರವೆಂದರೆ, ಮಜ್ಜೆಗೆ ಹಾನಿ ಮಾಡುವುದು ಬಹುಮಟ್ಟಿಗೆ ಬೆಂಜೀನ್ ಅಲ್ಲ, ಅದನ್ನು ಹೊರಹಾಕಲು ದೇಹ ನಡೆಸುವ ಪ್ರಯತ್ನದಲ್ಲಿ ಹುಟ್ಟುವ ವಸ್ತುಗಳು. ಯಕೃತ್ತಿನಲ್ಲಿರುವ ಕಿಣ್ವವೊಂದು ಬೆಂಜೀನ್‌ಗೆ ಆಮ್ಲಜನಕವನ್ನು ಸೇರಿಸುತ್ತದೆ. ಅದರಿಂದ ಫೀನಾಲ್, ಹೈಡ್ರೋಕ್ವಿನೋನ್, ಕೆಟಕಾಲ್ ಮುಂತಾದವು ಉಂಟಾಗಿ ರಕ್ತದೊಂದಿಗೆ ಮಜ್ಜೆಯನ್ನು ತಲಪುತ್ತವೆ. ಅಲ್ಲಿ ರೋಗಾಣುಗಳನ್ನು ಕೊಲ್ಲಲೆಂದು ಬಿಳಿ ರಕ್ತಕಣಗಳು ಇರಿಸಿಕೊಂಡಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವವೇ ಹೈಡ್ರೋಕ್ವಿನೋನನ್ನು ಇನ್ನಷ್ಟು ಉಗ್ರವಾದ ಕ್ವಿನೋನ್ ಆಗಿ ಬದಲಾಯಿಸುತ್ತದೆ. ಹೀಗೆ ಹುಟ್ಟಿದ ಕ್ವಿನೋನುಗಳು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ, ಡಿಎನ್‌ಎ ಎಳೆಗಳನ್ನು ತುಂಡರಿಸುತ್ತವೆ, ಜೀವಕೋಶ ಇಬ್ಭಾಗವಾಗುವ ವೇಳೆ ವರ್ಣತಂತುಗಳ ಹಂಚಿಕೆಯನ್ನು ಕೆಡಿಸುತ್ತವೆ. ರಕ್ತದ ಎಲ್ಲ ಬಗೆಯ ಕಣಗಳಿಗೂ ಮೂಲವಾದ ಆಕರಕೋಶಗಳು ಇರುವುದು ಮಜ್ಜೆಯಲ್ಲೇ. ಅವುಗಳಲ್ಲಿ ಹಲವು ಸತ್ತರೆ ರಕ್ತಹೀನತೆ ಬರುತ್ತದೆ. ಸಾಯದೆ ಉಳಿದ ಒಂದು ಕೋಶ ತಪ್ಪಾಗಿ ದುರಸ್ತಿಯಾದ ಡಿಎನ್‌ಎಯೊಂದಿಗೆ ಅಂಕೆಯಿಲ್ಲದೆ ಬೆಳೆಯತೊಡಗಿದರೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಬರಬಹುದು. ಬೆಂಜೀನ್‌ನೊಂದಿಗೆ ಅತ್ಯಂತ ದೃಢವಾಗಿ ನಂಟು ಸಾಬೀತಾಗಿರುವ ಕ್ಯಾನ್ಸರ್ ಇದೇ.

ಎಲ್ಲರ ದೇಹವೂ ಇದನ್ನು ಒಂದೇ ರೀತಿ ತಾಳಿಕೊಳ್ಳುವುದಿಲ್ಲ. ಕ್ವಿನೋನುಗಳನ್ನು ಮತ್ತೆ ಸೌಮ್ಯ ರೂಪಕ್ಕೆ ತರುವ ಕಿಣ್ವವೊಂದು ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಆ ಕಿಣ್ವವಿಲ್ಲದೆ, ಜೊತೆಗೆ ಯಕೃತ್ತಿನ ಕಿಣ್ವ ಚುರುಕಾಗಿದ್ದವರಲ್ಲಿ ಬೆಂಜೀನ್ ವಿಷಬಾಧೆಯ ಸಾಧ್ಯತೆ, ಈ ಎರಡೂ ತೊಂದರೆ ಇಲ್ಲದವರಿಗಿಂತ ಏಳು ಪಟ್ಟಿಗೂ ಮಿಗಿಲಾಗಿದ್ದುದು ಚೀನಾದ ಕಾರ್ಮಿಕರ ಅಧ್ಯಯನದಲ್ಲಿ ಕಂಡುಬಂದಿತು. ಆದ್ದರಿಂದ ಒಂದೇ ಮೇಜಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ಒಬ್ಬರು ಮೂವತ್ತು ವರ್ಷ ಆರೋಗ್ಯವಾಗಿದ್ದರು ಎಂಬುದು ಇನ್ನೊಬ್ಬರ ಸುರಕ್ಷತೆಗೆ ಸಾಕ್ಷಿಯಾಗಲಾರದು.

ಶಂಕೆಯನ್ನು ಸಂಖ್ಯೆಗಳ ಆಧಾರದ ಮೇಲೆ ನಿಲ್ಲಿಸಿದವರಲ್ಲಿ ಇಸ್ತಾಂಬುಲ್‌ನ ರಕ್ತರೋಗ ತಜ್ಞ ಮುಜಫ್ಫರ್ ಅಕ್ಸೊಯ್ ಪ್ರಮುಖರು. ಆ ನಗರದಲ್ಲಿ ಪಾದರಕ್ಷೆ ತಯಾರಿಸುವವರು ಗಾಳಿಯಾಡದ ಚಿಕ್ಕ ಕೋಣೆಗಳಲ್ಲಿ ಕುಳಿತು, ಬೆಂಜೀನ್ ತುಂಬಿದ ಅಂಟನ್ನು ಬಳಸುತ್ತಿದ್ದರು. ಸುಮಾರು 28,500 ಮಂದಿ ಇದ್ದ ಆ ಕಸುಬುದಾರರಲ್ಲಿ 1967ರಿಂದ 1973ರವರೆಗೆ ತೀವ್ರ ಲ್ಯುಕೇಮಿಯಾ ಅಥವಾ ಅದರ ಪೂರ್ವಸ್ಥಿತಿ ಇದ್ದ 26 ರೋಗಿಗಳನ್ನು ಅವರ ತಂಡ ಗುರುತಿಸಿತು. ಇದು ಸಾಮಾನ್ಯ ಜನರಲ್ಲಿ ಕಾಣುವ ಪ್ರಮಾಣದ ಎರಡು ಪಟ್ಟಿಗಿಂತ ಹೆಚ್ಚು. ಆ ಅಂಟಿನಿಂದ ಬೆಂಜೀನನ್ನು ಕ್ರಮೇಣ ಕೈಬಿಟ್ಟ ಮೇಲೆ, ಕೆಲವು ವರ್ಷಗಳಲ್ಲಿ ಹೊಸ ರೋಗಿಗಳ ಸಂಖ್ಯೆ ಇಳಿಯಿತು. ಕಾರಣವನ್ನು ತೆಗೆದಾಗ ಪರಿಣಾಮವೂ ತಗ್ಗಿದ್ದು ಆ ಕಾಲದ ವಾದವಿವಾದಗಳಲ್ಲಿ ಬಹಳ ತೂಕದ ಸಾಕ್ಷ್ಯವಾಗಿತ್ತು. ಅಮೆರಿಕದ ಒಹಾಯೊದಲ್ಲಿ ರಬ್ಬರಿನಿಂದ ತೆಳುಹಾಳೆ ತಯಾರಿಸುತ್ತಿದ್ದ ಕಾರ್ಮಿಕರ ಅಧ್ಯಯನವೂ ಅಷ್ಟೇ ಮಹತ್ವದ್ದು: 1987ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅವರಲ್ಲಿ ಲ್ಯುಕೇಮಿಯಾದಿಂದ ಸಂಭವಿಸಬಹುದೆಂದು ನಿರೀಕ್ಷಿಸಿದ್ದ ಸಾವು 2.7, ನಿಜವಾಗಿ ಸಂಭವಿಸಿದ್ದು 9. ಬೆಂಜೀನ್‌ಗೆ ಒಡ್ಡಿಕೊಂಡ ಒಟ್ಟು ಪ್ರಮಾಣ ಏರಿದಂತೆಲ್ಲ ಅಪಾಯವೂ ಏರುತ್ತಿತ್ತು.

ಅನುಮತಿಸಬಹುದಾದ ಮಿತಿಯ ಕಥೆಯನ್ನೂ ಹೇಳಲೇಬೇಕು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಬೆಂಜೀನ್ ಎಷ್ಟು ಭಾಗ ಎಂಬುದನ್ನು ಪಿಪಿಎಂ ಎಂದು ಅಳೆಯುತ್ತಾರೆ. 1946ರಲ್ಲಿ ಅಮೆರಿಕದ ತಜ್ಞರ ಸಂಘಟನೆ ಸೂಚಿಸಿದ್ದ ಮಿತಿ 100 ಪಿಪಿಎಂ. ಮುಂದೆ 10ಕ್ಕೆ ಇಳಿದಿದ್ದ ಆ ಮಿತಿಯನ್ನು 1978ರಲ್ಲಿ ಅಲ್ಲಿನ ಸರ್ಕಾರ 1ಕ್ಕೆ ಇಳಿಸಲು ಹೊರಟಾಗ ಉದ್ಯಮ ನ್ಯಾಯಾಲಯಕ್ಕೆ ಹೋಯಿತು. ಅಪಾಯ ಗಣನೀಯವೆಂದು ತೋರಿಸಿಲ್ಲವೆಂಬ ಕಾರಣ ನೀಡಿ 1980ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಎಂಟು ಗಂಟೆಗಳ ಸರಾಸರಿ 1 ಪಿಪಿಎಂ ಎಂಬ ನಿಯಮ ಕೊನೆಗೂ ಬಂದದ್ದು 1987ರಲ್ಲಿ. ಆಮೇಲೆ 2004ರಲ್ಲಿ, ಚೀನಾದ ತ್ಯಾಂಜಿನ್‌ನ 250 ಪಾದರಕ್ಷೆ ಕಾರ್ಮಿಕರ ರಕ್ತವನ್ನು ಪರೀಕ್ಷಿಸಿದ ಸಂಶೋಧಕರು, 1 ಪಿಪಿಎಂಗಿಂತ ಕಡಿಮೆ ಇದ್ದಲ್ಲೂ ಬಿಳಿ ರಕ್ತಕಣಗಳು ತಗ್ಗಿರುವುದನ್ನು ಕಂಡರು. ಯುರೋಪಿಯನ್ ಒಕ್ಕೂಟದ 2022ರ ನಿರ್ದೇಶನ 0.2 ಪಿಪಿಎಂ ಮಿತಿಯನ್ನು ಗೊತ್ತುಪಡಿಸಿದೆ. ಕಾನೂನಿನ ಮಿತಿಯೆಂದರೆ ಆ ಹೊತ್ತಿಗೆ ಸಾಧ್ಯವೆಂದು ಒಪ್ಪಿಕೊಂಡ ಅಂಕೆಯೇ ಹೊರತು, ಅದಕ್ಕಿಂತ ಕೆಳಗೆ ಅಪಾಯವಿಲ್ಲವೆಂಬ ಭರವಸೆಯಲ್ಲ.

ಇಂದು ತೈಲ ಶುದ್ಧೀಕರಣಾಗಾರಗಳು, ಕಲ್ಲಿದ್ದಲನ್ನು ಕಾಯಿಸಿ ಕೋಕ್ ಎಂಬ ಇಂಧನ ತಯಾರಿಸುವ ಕುಲುಮೆಗಳು, ಬೆಂಜೀನ್‌ನಿಂದ ಪ್ಲಾಸ್ಟಿಕ್ ಮತ್ತು ನೈಲಾನ್‌ಗಳ ಮೂಲವಸ್ತು ತಯಾರಿಸುವ ರಾಸಾಯನಿಕ ಘಟಕಗಳು, ಪೆಟ್ರೋಲ್ ತುಂಬಿಸುವ ಮತ್ತು ಸಾಗಿಸುವ ಕೆಲಸಗಳಲ್ಲಿ ಈ ಸಂಪರ್ಕ ಉಳಿದುಕೊಂಡಿದೆ. ಇಲ್ಲಿ ಮೂಗನ್ನು ನಂಬುವಂತಿಲ್ಲ; ಬಹಳ ಜನರಿಗೆ ವಾಸನೆ ತಿಳಿಯುವ ಹೊತ್ತಿಗೆ ಪ್ರಮಾಣ ಮಿತಿಯನ್ನು ದಾಟಿರುತ್ತದೆ. ಬಟ್ಟೆಯ ಅಥವಾ ದೂಳಿನ ಮುಖಗವಸು ಆವಿಯನ್ನು ತಡೆಯುವುದಿಲ್ಲ; ಸಕ್ರಿಯ ಇದ್ದಿಲಿನ ಶೋಧಕವಿರುವ ಗವಸು ತಡೆಯುತ್ತದೆ, ಆದರೆ ಆ ಇದ್ದಿಲಿಗೂ ಆಯುಷ್ಯವಿದೆ. ಬೆಂಜೀನ್ ಬದಲಿಗೆ ಬೇರೆ ದ್ರಾವಕ, ಅದಾಗದಿದ್ದರೆ ಮುಚ್ಚಿದ ಕೊಳವೆ ಮತ್ತು ಪಂಪುಗಳ ವ್ಯವಸ್ಥೆ, ಆವಿ ಹುಟ್ಟುವಲ್ಲೇ ಅದನ್ನು ಎಳೆದುಕೊಳ್ಳುವ ಗಾಳಿಯಂತ್ರ, ಇವೆಲ್ಲ ಆದ ಬಳಿಕವಷ್ಟೇ ಗವಸಿನ ಸರದಿ. ಕಾರ್ಮಿಕರ ಮೂತ್ರದಲ್ಲಿ ಬೆಂಜೀನ್‌ನ ಉಪಉತ್ಪನ್ನಗಳನ್ನು ಅಳೆದು ದೇಹಕ್ಕೆ ಎಷ್ಟು ಸೇರಿದೆಯೆಂದು ಅಂದಾಜಿಸಬಹುದು. ಸಿಗರೇಟಿನ ಹೊಗೆಯಲ್ಲೂ ಬೆಂಜೀನ್ ಇರುವುದರಿಂದ ಧೂಮಪಾನಿಗಳ ಲೆಕ್ಕವನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ರಕ್ತಪರೀಕ್ಷೆ ಸರಿಯಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಲ್ಯುಕೇಮಿಯಾ ಕಾಣಿಸಿಕೊಳ್ಳಲು ಹಲವು ವರ್ಷಗಳು, ಕೆಲವೊಮ್ಮೆ ದಶಕಕ್ಕೂ ಹೆಚ್ಚು ಕಾಲ ಹಿಡಿಯಬಹುದು. ಅಷ್ಟರಲ್ಲಿ ಆ ವ್ಯಕ್ತಿ ಕೆಲಸವನ್ನೇ ಬದಲಿಸಿರುತ್ತಾರೆ ಅಥವಾ ನಿವೃತ್ತರಾಗಿರುತ್ತಾರೆ. ಆದ್ದರಿಂದ ಮಜ್ಜೆಯ ಕಾಯಿಲೆಯೊಂದಿಗೆ ಬಂದ ರೋಗಿಯನ್ನು ಈಗಿನ ಉದ್ಯೋಗದ ಬಗೆಗೆ ಮಾತ್ರವಲ್ಲ, ಮೊದಲಿನಿಂದ ಯಾವ ಯಾವ ಕೆಲಸ ಮಾಡಿದ್ದರು, ಯಾವ ದ್ರಾವಕ, ಅಂಟು, ಇಂಧನಗಳನ್ನು ಕೈಯಲ್ಲಿ ಮುಟ್ಟಿದ್ದರು ಎಂದು ವೈದ್ಯರು ಕೇಳಿ ಬರೆದುಕೊಳ್ಳಬೇಕು. ಆ ಪ್ರಶ್ನೆಯನ್ನು ಕೇಳದೆ ಹೋದರೆ ಆ ರೋಗ ವೃತ್ತಿಯಿಂದ ಬಂದದ್ದೆಂಬ ಲೆಕ್ಕಕ್ಕೆ ಸೇರುವುದಿಲ್ಲ, ಅದೇ ಕೆಲಸದಲ್ಲಿ ಇನ್ನೂ ದುಡಿಯುತ್ತಿರುವವರ ರಕ್ತವನ್ನು ಪರೀಕ್ಷಿಸಲು, ಅವರ ಕೋಣೆಯ ಗಾಳಿಯನ್ನು ಅಳೆಯಲು ಯಾರೂ ಮುಂದಾಗುವುದಿಲ್ಲ.